ಹಲೋ, ಲೈನಲ್ಲಿದ್ದೀರಾ?

ಹೋದ ವಾರ ಚಿತ್ರದುರ್ಗದಿಂದ ಗೆಳೆಯನ ಫೋನ್ ಬಂತು. ಆರು ತಿಂಗಳಿಂದ ಅವನು ಕೌನ್ಸೆಲಿಂಗ್‌ಗೆ ಹೋಗುತ್ತಿದ್ದಾನೆ. ಬೆನ್ನು ಹತ್ತಿ ಕಳಿಸಿದವನು ನಾನೇ. ಈಗ ಅವನ ಮೇಡಂ ಮಗಳ ಬಾಣಂತನ ಅಂತ ಮೂರು ತಿಂಗಳು ಊರು ಬಿಟ್ಟಿದ್ದಾರಂತೆ. ಅವರು ವಾಪಸ್ ಬರುವ ತನಕ ಫೋನಿನಲ್ಲೇ ಸೆಷನ್.

"ಲೇ, ಇದು ಫೋನಲ್ಲಿ ಆಗೋ ಕೆಲಸ ಏನಲೇ? ಮೊನ್ನೆ ಮುಕ್ಕಾಲು ಗಂಟೆ ಮಾತಾಡಿದೆ. ಇಟ್ಟ ಮೇಲೆ ಏನು ಮಾತಾಡಿದೆ ಅಂತಾನೇ ನೆನಪಿಲ್ಲ. ಅವರು ಬರೋವರೆಗೂ ಬಿಟ್ಟುಬಿಡ್ಲಾ?" ಅಂದ.

"ಬಿಡಬ್ಯಾಡ" ಅಂದೆ. ಯಾಕೆ ಅಂತ ಹೇಳಲು ಆಗಲಿಲ್ಲ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು. ರಾತ್ರಿ ಮಾಡ್ತೀನಿ ಅಂತ ಹೇಳಿ ಮಾಡಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವನೂ ಓದಲಿ, ಇಂಥದೇ ಗೊಂದಲದಲ್ಲಿ ಇರುವ ಇನ್ನೊಬ್ಬರೂ ಓದಲಿ.

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ವ್ಯಾಪಾರ. ಭಟ್ಟಿಯಿಂದ ಚೀಲಗಟ್ಟಲೆ ತಂದು ಸುತ್ತಲ ಊರಿನ ಅಂಗಡಿಗಳಿಗೆ ಕೊಡುವುದು. ಅಪ್ಪ ಶುರು ಮಾಡಿದ್ದು. ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ. ಊರವರಿಗೆ ಮಾತ್ರ ಸಂಜೆ ಆಯಿತು ಅಂದರೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ಈ ವಿಷಯದಲ್ಲಿ ನಾನು ಹೇಳುವುದನ್ನು ಪೂರ್ತಿ ನಂಬಬೇಡಿ, ಹೊಟ್ಟೆಪಾಡು.

2019ರ ಆಗಸ್ಟ್‌ನಲ್ಲಿ ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತಿದ್ದೆ. ಗೇಟು ಹಾಕಿತ್ತು. ಈ ಗೇಟಿನ ಬಗ್ಗೆ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಅರ್ಧ ಆಯಸ್ಸು ಅಲ್ಲೇ ಕಳೆದಿದೆ. ಹಿಂದೆ ಆಟೋ, ಮುಂದೆ ಬಸ್ಸು, ನಡುವೆ ನನ್ನ ಸ್ಕೂಟರ್. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿತು. ಕೈ ಜೋಮು ಹಿಡಿಯಿತು, ಬೆವರು ಇಳಿಯಿತು. ಆಯಿತು, ಅಪ್ಪನ ಹಾಗೇ ನಾನೂ ಹೋದೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಏನೂ ಇರಲಿಲ್ಲ. ಡಾಕ್ಟರು ಬೆನ್ನು ತಟ್ಟಿ, "ಗ್ಯಾಸು ಕಣ್ರೀ, ಮಜ್ಜಿಗೆ ಕುಡೀರಿ" ಅಂದರು. ಆ ಮಾತಿಗೆ ನಾನು ಯಾಕೆ ಅಷ್ಟು ಕೂಗಾಡಿದೆ ಅಂತ ಅವರಿಗೂ ತಿಳಿಯಲಿಲ್ಲ, ಪಕ್ಕದಲ್ಲಿದ್ದ ಹೆಂಡತಿಗೂ ತಿಳಿಯಲಿಲ್ಲ. ಅದು ಆಮೇಲೆ.

ಅದೇ ಥರ ಮೂರು ಸಲ ಆದ ಮೇಲೆ ಒಬ್ಬರು ಮನೋವೈದ್ಯರ ಹತ್ತಿರ ಹೋದೆ. ಪ್ಯಾನಿಕ್ ಅಟ್ಯಾಕ್ ಅಂತ ಅವರು ಹೆಸರು ಹೇಳಿದರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರುವಷ್ಟು ಏರಿ ಆಮೇಲೆ ಇಳಿಯುತ್ತೆ, ಇದರಿಂದ ಸಾಯುವುದಿಲ್ಲ ಅಂದರು. "ಮಾತ್ರೆ ನಾನು ಕೊಡ್ತೀನಿ. ಮಾತು ಇವರ ಹತ್ರ ಆಡಿ" ಅಂತ ಒಂದು ಚೀಟಿ ಬರೆದುಕೊಟ್ಟರು. ಹಾಗೆ ಸಿಕ್ಕವರು ಮೇಡಂ. ಅರವತ್ತು ದಾಟಿದವರು, ಸೈಕಾಲಜಿ ಪಾಠ ಮಾಡಿ ನಿವೃತ್ತರಾದವರು. ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲೆ ಒಂದು ರೂಮು. ಎರಡು ಬೆತ್ತದ ಕುರ್ಚಿ, ಕಿಟಕಿಗೆ ಬೇವಿನ ಮರ, ಅವರಿಗೆ ಮಾತ್ರ ಕಾಣುವ ಹಾಗೆ ಇಟ್ಟ ಗಡಿಯಾರ.

ಆ ರೂಮಿನಲ್ಲಿ ನನಗೆ ಸಿಕ್ಕಿದ್ದು ಮಾತಲ್ಲ. ಮಾತು ನನಗೆ ಮೊದಲೇ ಜಾಸ್ತಿ, ವ್ಯಾಪಾರದವನು. ಅಲ್ಲಿ ಸಿಕ್ಕಿದ್ದು ಸುಮ್ನೆ ಕೂರುವ ಜಾಗ. ನಾಲ್ಕನೇ ಸಲವೋ ಐದನೇ ಸಲವೋ ಹೋದಾಗ ಅವರು ಅಪ್ಪನ ಬಗ್ಗೆ ಏನೋ ಕೇಳಿದರು. ನನಗೆ ಉತ್ತರ ಬರಲಿಲ್ಲ. ಬೇವಿನ ಮರ ನೋಡುತ್ತಾ ಕೂತೆ. ಅವರೂ ಕೂತರು. ಕಾಲು ಗಂಟೆ ಇರಬೇಕು. ಒಂದು ರೈಲು ಕೂಗಿಕೊಂಡು ಹೋಯಿತು. ನಮ್ಮ ಮನೆಯಲ್ಲಿ ನಾನು ಎರಡು ನಿಮಿಷ ಸುಮ್ಮನಿದ್ದರೆ ಅವ್ವ "ಯಾಕೋ, ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡುತ್ತಾಳೆ. ಅಂಗಡಿಯಲ್ಲಿ ಸುಮ್ಮನಿದ್ದರೆ ಗಿರಾಕಿ ರೇಟು ಇಳಿಸಲು ನೋಡುತ್ತಾನೆ. ಸುಮ್ಮನಿದ್ದುದಕ್ಕೆ ಯಾರೂ ಏನೂ ಅನ್ನದ ಜಾಗ ನನ್ನ ಬದುಕಿನಲ್ಲಿ ಅದೊಂದೇ ಆಗಿತ್ತು.

ಹೀಗೆ ಆರೇಳು ತಿಂಗಳು ನಡೆಯಿತು. ಆಮೇಲೆ 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಊರಿನಲ್ಲಿ ಎದ್ದು ಕೇಳಿಸಿದ ಬದಲಾವಣೆ ಅಂದರೆ ರೈಲಿನದು. ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಆಗೊಂದು ಈಗೊಂದು ಗೂಡ್ಸ್ ಬಿಟ್ಟರೆ ಕೂಗೇ ಇಲ್ಲ. ಅಶೋಕ ರಸ್ತೆಯ ಗೇಟು ತೆರೆದೇ ಇತ್ತು, ದಾಟುವವರು ಇರಲಿಲ್ಲ.

ಮೇಡಂ ಮೆಸೇಜ್ ಹಾಕಿದರು. ಅವರಿಗೆ ಆಸ್ತಮಾ, ವಯಸ್ಸು ಬೇರೆ. ರೂಮು ಸದ್ಯಕ್ಕೆ ತೆರೆಯಲ್ಲ, ಫೋನಿನಲ್ಲಿ ಮುಂದುವರಿಸೋಣ ಅಂತ ಬರೆದಿದ್ದರು. ಮನೋವೈದ್ಯರೂ ಅದೇ ಹೇಳಿದರು. ಡಾಕ್ಟರು ಫೋನಿನಲ್ಲಿ ನೋಡಿ ಔಷಧ ಬರೆಯುವುದಕ್ಕೆ ಅಲ್ಲಿವರೆಗೆ ನಮ್ಮಲ್ಲಿ ಸ್ಪಷ್ಟ ನಿಯಮವೇ ಇರಲಿಲ್ಲವಂತೆ. ಲಾಕ್‌ಡೌನ್‌ನ ಮೊದಲ ದಿನ, ಮಾರ್ಚ್ 25ಕ್ಕೆ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ಅದೇ ವರ್ಷ ನಿಮ್ಹಾನ್ಸ್‌ನವರೂ ಭಾರತೀಯ ಮನೋವೈದ್ಯರ ಸಂಘದವರೂ ಸೇರಿ ಮನೋವೈದ್ಯಕ್ಕೆ ಅಂತಲೇ ಬೇರೆ ಮಾರ್ಗಸೂಚಿ ತಂದರು. ಅದೆಲ್ಲ ಡಾಕ್ಟರುಗಳಿಗೆ. ಮೇಡಂ ಡಾಕ್ಟರಲ್ಲ, ಮಾತ್ರೆ ಬರೆಯುವಂತಿಲ್ಲ. ಗುರುವಾರ ನಾಲ್ಕು ಗಂಟೆ, ಐವತ್ತು ನಿಮಿಷ, ಮೊದಲಿನ ಹಾಗೇ ಅಂತ ಅವರೇ ಒಂದು ಕ್ರಮ ಮಾಡಿಕೊಂಡರು. ಲೈನು ಕಟ್ಟಾದರೆ ಅವರೇ ವಾಪಸ್ ಮಾಡಬೇಕು, ನಾನು ಮಾಡಬಾರದು. ಇಲ್ಲದಿದ್ದರೆ ಇಬ್ಬರೂ ಮಾಡುತ್ತಾ ಇಬ್ಬರಿಗೂ ಬ್ಯುಸಿ ಬರುತ್ತೆ. ಸಣ್ಣ ವಿಷಯ ಅನ್ನಿಸಬಹುದು. ಅಳು ಬಂದಿರುವ ಹೊತ್ತಿನಲ್ಲಿ ಬ್ಯುಸಿ ಟೋನ್ ಕೇಳಿದವರಿಗೆ ಗೊತ್ತು.

ಮೊದಲ ಒಂದೂವರೆ ತಿಂಗಳು ವಿಡಿಯೊ ಕಾಲ್. ಮನೆಯಿಂದ. ಪೂರಾ ಹಾಳು.

ನಮ್ಮದು ಹಾಲು, ಎರಡು ರೂಮು, ಅಡುಗೆಮನೆ. ಹಾಲಿನಲ್ಲಿ ಅವ್ವ. ಟೀವಿಯಲ್ಲಿ ಕೊರೋನಾ ಲೆಕ್ಕ. ರೂಮಿನ ಬಾಗಿಲು ಹಾಕಿಕೊಂಡರೆ ಹತ್ತು ನಿಮಿಷಕ್ಕೆ ಅವ್ವ ಕಾಫಿ ತರುತ್ತಿದ್ದಳು. ಕಾಫಿಗಲ್ಲ, ನೋಡುವುದಕ್ಕೆ. ನಾನು ಮೇಡಂ ಹತ್ತಿರ ಹೇಳಬೇಕಾಗಿದ್ದು ಅವ್ವನ ಕಿವಿಗೆ ಬೀಳಬಾರದ್ದೇ. ಹಾಗಾಗಿ ಪಿಸುಗುಟ್ಟುತ್ತಿದ್ದೆ. ಪಿಸುಮಾತಿನಲ್ಲಿ ದುಃಖ ಹೇಳಿ ನೋಡಿ. ಕಳ್ಳತನದ ಲೆಕ್ಕ ಒಪ್ಪಿಸಿದ ಹಾಗಿರುತ್ತೆ.

ಇನ್ನು ವಿಡಿಯೊದ ಮೂಲೆಯಲ್ಲಿ ನನ್ನದೇ ಮುಖ. ಅತ್ತರೆ ನಾನು ಹೇಗೆ ಕಾಣುತ್ತೇನೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಆಮೇಲೆ ಓದಿದೆ: ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕಾಲ್ ಯಾಕೆ ಅಷ್ಟು ಸುಸ್ತು ಮಾಡುತ್ತೆ ಅಂತ ನಾಲ್ಕು ಕಾರಣ ಕೊಟ್ಟಿದ್ದರು. ಅದರಲ್ಲಿ ಒಂದು ಇದೇ, ದಿನವಿಡೀ ಕನ್ನಡಿ ಎದುರು ಕೂತ ಹಾಗೆ ನಮ್ಮನ್ನೇ ನಾವು ನೋಡಿಕೊಳ್ಳುವುದು. ಇನ್ನೊಂದು, ಎದುರಿನವರ ಕಣ್ಣು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನಮ್ಮ ಮೇಲೇ ಇರುವುದು. ನೋಡಿ, ಈ ಮಾತಿನ ಚಿಕಿತ್ಸೆಗೆ ಬುನಾದಿ ಹಾಕಿದ ಫ್ರಾಯ್ಡ್ ರೋಗಿಯನ್ನು ಮಂಚದ ಮೇಲೆ ಮಲಗಿಸಿ ತಾನು ಹಿಂದೆ ಕೂರುತ್ತಿದ್ದ. ದಿನಕ್ಕೆ ಎಂಟು ಗಂಟೆ ಜನ ನನ್ನ ಮುಖವನ್ನೇ ದಿಟ್ಟಿಸುವುದು ನನ್ನಿಂದ ತಡೆಯಲು ಆಗಲ್ಲ ಅಂತ ಅವನೇ ಬರೆದಿದ್ದಾನೆ. ಮುಖ ನೋಡದೆ ಮಾತಾಡುವುದೇನೂ ಕೊರೋನಾ ತಂದ ಹೊಸ ಪದ್ಧತಿಯಲ್ಲ ಅಂತಾಯಿತು.

ನಡುವೆ ಒಂದು ಎಡವಟ್ಟನ್ನೂ ಮಾಡಿಕೊಂಡೆ. ಮನೆಯ ಸೆಷನ್ ಹಿಡಿಸದೆ ಯಾವುದೋ ಆ್ಯಪ್‌ಗೆ ದುಡ್ಡು ಕಟ್ಟಿದೆ. ಮೊದಲ ವಾರ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಇಂಗ್ಲಿಷು ಬಿಲ್ಲು ಓದುವಷ್ಟು ಇದೆ, ಎದೆ ಬಿಚ್ಚುವಷ್ಟು ಇಲ್ಲ. ಎರಡನೇ ವಾರ ಬೇರೆಯವರು, ಮತ್ತೆ ಮೊದಲಿಂದ ಕಥೆ. ಪ್ರತಿ ಸಲ ಮುಗಿದ ಮೇಲೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಕೇಳುತ್ತಿತ್ತು. ಅಲ್ಲಿಗೆ ಬಿಟ್ಟೆ.

ಗೋದಾಮಿನ ಐಡಿಯಾ ಕೊಟ್ಟವಳು ಹೆಂಡತಿ. "ರೀ, ಮಧ್ಯಾಹ್ನ ಗೋದಾಮು ಖಾಲಿನೇ ಇರುತ್ತಲ್ಲ, ಅಲ್ಲೇ ಹೋಗಿ ಮಾತಾಡ್ರಿ. ಕೂಗಿ ಬೇಕಾದ್ರೂ ಮಾತಾಡ್ರಿ."

ಮಂಡಕ್ಕಿ ಗೋದಾಮು ನೋಡಿಲ್ಲದವರಿಗೆ ಹೇಳಬೇಕು. ಚೀಲಗಳು ನೋಡಲು ಆನೆ ಮರಿ ಥರ, ಎತ್ತಿದರೆ ಹಗುರ. ಒಂದರ ಮೇಲೊಂದು ಚಾವಣಿ ತನಕ. ಶೆಟರ್ ಎಳೆದರೆ ಒಳಗೆ ಒಂದು ವಿಚಿತ್ರ ನಿಶ್ಶಬ್ದ. ಖಾಲಿ ಕೋಣೆಯಲ್ಲಿ ಮಾತಾಡಿದರೆ ಗೋಡೆ ಮಾತನ್ನು ವಾಪಸ್ ಎಸೆಯುತ್ತೆ. ಇಲ್ಲಿ ಚೀಲಗಳು ನುಂಗಿಕೊಳ್ಳುತ್ತವೆ. ಬಾಯಿ ಮುಂದೆ ಒಂದು ಮೊಳ ಹೋದ ಮೇಲೆ ಮಾತು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಹುರಿದ ಅಕ್ಕಿಯ, ಬಿಸಿ ಮರಳಿನ, ಸ್ವಲ್ಪ ಉಪ್ಪಿನ ವಾಸನೆ. ಶೆಟರಿನ ಹತ್ತಿರ ಎಡ ಮೂಲೆಯಲ್ಲಿ ಮಾತ್ರ ಸಿಗ್ನಲ್. ಅಲ್ಲೊಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡೆ. ವಿಡಿಯೊ ಅಲ್ಲಿ ನಡೆಯುತ್ತಿರಲಿಲ್ಲ. ಬರೀ ಧ್ವನಿ.

ಪ್ರತಿ ಸಲ ಮೇಡಂ ಮೊದಲು ಕೇಳುತ್ತಿದ್ದದ್ದು, "ಈಗ ಎಲ್ಲಿದ್ದೀರಿ? ಹತ್ತಿರ ಯಾರಿದ್ದಾರೆ?" ದೂರದಿಂದ ಥೆರಪಿ ಮಾಡುವವರು ಇದನ್ನು ಕೇಳಿಕೊಳ್ಳಲೇಬೇಕು. ಆ ಕಡೆಯವರಿಗೆ ಏನಾದರೂ ಆದರೆ ಯಾರನ್ನು, ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿರಬೇಕಲ್ಲ. ಹೆಂಡತಿಯ ನಂಬರ್ ಮೊದಲೇ ಬರೆದಿಟ್ಟುಕೊಂಡಿದ್ದರು. ನಾನು "ಗೋದಾಮಲ್ಲಿದೀನಿ ಮೇಡಂ, ಹತ್ತಿರ ಇನ್ನೂರು ಚೀಲ ಇದಾವೆ" ಅನ್ನುತ್ತಿದ್ದೆ.

ಒಂದು ಗುರುವಾರ ಅರ್ಧ ಎತ್ತಿದ ಶೆಟರಿನ ಕೆಳಗೆ ಎರಡು ಬೂಟು ಕಾಣಿಸಿದವು. ಒಬ್ಬ ಪೊಲೀಸು ಬಗ್ಗಿ ನೋಡಿದರು.

"ಏನ್ರೀ, ಕದ್ದು ವ್ಯಾಪಾರಾನಾ?"

"ಇಲ್ಲ ಸಾರ್, ಡಾಕ್ಟ್ರ ಹತ್ರ ಫೋನಲ್ಲಿ ಮಾತಾಡ್ತಿದೀನಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಕೊರೋನಾನಾ?"

"ಅಲ್ಲ ಸಾರ್. ಮನಸ್ಸಿಂದು."

"ಹಂಗಾದ್ರೆ ಪರವಾಗಿಲ್ಲ ಬಿಡ್ರಿ" ಅಂತ ಹೋದರು. ಆ ಕಡೆ ಮೇಡಂ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಜಾಗ ಸರಿಹೋಯಿತು. ಆದರೆ ಇನ್ನೊಂದು ತೊಂದರೆ ಇತ್ತು, ಗೆಳೆಯ ಹೇಳಿದ್ದೂ ಅದೇ. ಮಾತಾಡಿದ್ದೇ ಮಾತಾಡಿದ್ದು, ಉಳಿದಿದ್ದು ಏನೂ ಇಲ್ಲ. ನಾನು ಮಂಡಿಯಲ್ಲಿ ರೇಟು ಒಪ್ಪಿಸುವವನ ಥರ ಆಗಿದ್ದೆ. "ಈ ವಾರ ಎರಡು ಸಲ ಆಯ್ತು ಮೇಡಂ, ಒಂದು ಜೋರು, ಒಂದು ಸಾಧಾರಣ. ನಿದ್ದೆ ಐದು ಗಂಟೆ. ಭಟ್ಟಿ ಹುಡುಗರು ಊರಿಗೆ ಹೋಗಿದಾರೆ. ಭತ್ತದ ರೇಟು ಹೀಗಾಗಿದೆ." ಒಂದು ದಿನ ಅವರು, "ಇವತ್ತು ನೀವು ಬರೀ ಸುದ್ದಿ ಓದಿದಿರಿ" ಅಂದರು.

ಯಾಕೆ ಅಂತ ಇಬ್ಬರೂ ಯೋಚನೆ ಮಾಡಿದೆವು. ಕಾರಣ ಸಿಕ್ಕಿತು. ನಾವು ಸುಮ್ಮನಿರುವುದನ್ನು ಬಿಟ್ಟುಬಿಟ್ಟಿದ್ದೆವು. ಫೋನಿನಲ್ಲಿ ಐದಾರು ಸೆಕೆಂಡು ಮಾತು ನಿಂತರೆ ಸಾಕು, ಆ ಕಡೆಯಿಂದ "ಹಲೋ, ಲೈನಲ್ಲಿದ್ದೀರಾ?", ಈ ಕಡೆಯಿಂದ "ಹಲೋ, ಕೇಳಿಸ್ತಾ ಇದೆಯಾ?" ಇಬ್ಬರೂ ಒಟ್ಟಿಗೆ. ಗಂಟಲಿಗೆ ಬಂದಿದ್ದು ಅಲ್ಲಿಂದ ವಾಪಸ್ ಹೋಗಿಬಿಡುತ್ತಿತ್ತು. ಆ ಹಲೋ ಬರಬಾರದು ಅಂತ ನಾನು ಏನಾದರೂ ಹೇಳುತ್ತಲೇ ಇರುತ್ತಿದ್ದೆ.

ಇದರ ಬಗ್ಗೆ ಲೆಕ್ಕವೂ ಇದೆ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಸಂದು ಸುಮಾರು 0.2 ಸೆಕೆಂಡು ಅಷ್ಟೇ, ಭಾಷೆ ಬೇರೆಯಾದರೂ ಇದು ಹೆಚ್ಚು ಬದಲಾಗಲ್ಲ ಅಂತ ಹತ್ತು ಭಾಷೆಗಳನ್ನು ಇಟ್ಟುಕೊಂಡು ಮಾಡಿದ 2009ರ ಅಧ್ಯಯನ ಹೇಳುತ್ತೆ. ಲೈನು 1.2 ಸೆಕೆಂಡು ತಡವಾದರೂ ಸಾಕು, ಎದುರಿನವರು ಅಷ್ಟು ಸ್ನೇಹದಿಂದ ಇಲ್ಲ, ಗಮನ ಕೊಡುತ್ತಿಲ್ಲ ಅಂತ ನಮಗೆ ಅನ್ನಿಸಲು ಶುರುವಾಗುತ್ತೆ ಅಂತ 2014ರ ಇನ್ನೊಂದು ಅಧ್ಯಯನ. ತಪ್ಪು ನೆಟ್‌ವರ್ಕಿನದು, ಬೇಜಾರು ಮನುಷ್ಯರ ಮೇಲೆ. ಮೇಡಂ ನನ್ನ ಮೇಲೆ ಬೇಸರ ಮಾಡಿಕೊಂಡಿದ್ದಾರೆ ಅಂತ ನಾನು ಮೂರು ವಾರ ಅಂದುಕೊಂಡಿದ್ದೆ.

ಪರಿಹಾರ ತಾನಾಗೇ ಸಿಕ್ಕಿತು. ಒಂದು ಸಲ ಸುಮ್ಮನಾದಾಗ ನನ್ನ ಕೈ ಪಕ್ಕದ ಬಿಚ್ಚಿದ ಚೀಲದೊಳಗೆ ಇತ್ತು. ಮುಷ್ಟಿ ತುಂಬಿಕೊಂಡು ಬಿಡುತ್ತಿದ್ದೆ, ಅಭ್ಯಾಸ. ಮಂಡಕ್ಕಿ ಬೀಳುವ ಸದ್ದು ಗೊತ್ತಲ್ಲ, ಸರಸರ ಅಂತ, ಸಣ್ಣ ಮಳೆ ತೆಂಗಿನ ಗರಿ ಮೇಲೆ ಬಿದ್ದ ಹಾಗೆ. ಮೇಡಂ ಹಲೋ ಅನ್ನಲಿಲ್ಲ. ಸುಮಾರು ಹೊತ್ತಾದ ಮೇಲೆ, "ಅದೇನು ಸದ್ದು?" ಅಂದರು. ಹೇಳಿದೆ. "ಅದು ಕೇಳಿಸ್ತಾ ಇರಲಿ. ಕೇಳಿಸ್ತಾ ಇರೋವರೆಗೂ ನಾನು ಏನೂ ಕೇಳಲ್ಲ" ಅಂದರು.

ಅವತ್ತಿಂದ ಅದು ನಮ್ಮ ಪದ್ಧತಿ. ಸರಸರ ಅಂದರೆ ಇಲ್ಲೇ ಇದ್ದೇನೆ, ಮಾತು ಬೇಡ. ಅವರ ಕಡೆಯಿಂದ ಗುರುತಿಗೆ ಟೇಬಲ್ ಫ್ಯಾನಿನ ಸದ್ದು. ಫ್ಯಾನು ಕೇಳಿಸುತ್ತಿದ್ದರೆ ಮೇಡಂ ಇದ್ದಾರೆ. ಒಮ್ಮೆ ಕರೆಂಟ್ ಹೋಗಿ ಫ್ಯಾನು ನಿಂತಾಗ ನಾನೇ ಗಾಬರಿಯಾಗಿ ಹಲೋ ಅಂದಿದ್ದೆ. ಗೆಳೆಯನಿಗೆ ನಾನು ಮುಖ್ಯವಾಗಿ ಹೇಳುವುದು ಇದನ್ನೇ. ಎದುರಿಗೆ ಕೂತಾಗ ಸುಮ್ಮನಿರುವುದು ತಾನಾಗೇ ಬರುತ್ತೆ. ಫೋನಿನಲ್ಲಿ ಅದಕ್ಕೆ ಮೊದಲೇ ಮಾತಾಡಿಕೊಳ್ಳಬೇಕು. ಮಂಡಕ್ಕಿ ಇಲ್ಲದಿದ್ದರೆ ಉಗುರಲ್ಲಿ ಫೋನ್ ತಟ್ಟು, ಪೆನ್ನು ಒತ್ತು. ಆದರೆ ಮೇಡಂಗೆ ಮೊದಲು ಹೇಳಿಡು.

ಮುಖ ಕಾಣದೆ ಇದ್ದುದರಿಂದ ಇನ್ನೊಂದು ಲಾಭವೂ ಆಯಿತು, ಅದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ರೂಮಿನಲ್ಲಿ ಎದೆ ಮೇಲೆ ಕೈ ಇಟ್ಟು "ಹೀಗೆ" ಅಂದರೆ ನಡೆಯುತ್ತಿತ್ತು. ಫೋನಿನಲ್ಲಿ "ಹೀಗೆ" ನಡೆಯಲ್ಲ, ಪದವೇ ಬೇಕು. ನಾನು ಎಲ್ಲದಕ್ಕೂ "ಟೆನ್ಷನ್" ಅನ್ನುತ್ತಿದ್ದೆ. "ಟೆನ್ಷನ್ ಬಿಟ್ಟು ಬೇರೆ ಹೇಳಿ. ತಳಮಳಾನಾ? ದಿಗಿಲಾ?" ಅಂತ ಮೇಡಂ ಹಿಡಿದು ಕೇಳುತ್ತಿದ್ದರು. ಯೋಚನೆ ಮಾಡಿದರೆ ಎರಡೂ ಒಂದೇ ಅಲ್ಲ. ತಳಮಳ ಒಳಗೇ ಕುದಿಯುತ್ತಾ ಇರುತ್ತೆ, ನಿಧಾನ ಏರುತ್ತೆ. ದಿಗಿಲು ಮೇಲಿಂದ ಬೀಳುತ್ತೆ. ದಿಗಿಲು ಬಿತ್ತು ಅಂತಲೇ ಅನ್ನುತ್ತೇವೆ, ದಿಗಿಲು ಏರಿತು ಅನ್ನಲ್ಲ. ಸಂಕಟ ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಕಸಿವಿಸಿ ಆಗುವುದು ಎದುರಿಗೆ ಜನ ಇದ್ದಾಗ. ಗೇಟಿನ ಮುಂದೆ ನನಗೆ ಬಿದ್ದಿದ್ದು ದಿಗಿಲು. ಆದರೆ ಅದಕ್ಕೆ ಮುಂಚೆ ಎಂಟು ತಿಂಗಳು ತಳಮಳ ಕುದಿಯುತ್ತಿತ್ತು, ಗಮನಿಸಿರಲಿಲ್ಲ. ಆ ಆ್ಯಪ್‌ನವರ ಹತ್ತಿರ ಇದನ್ನು ಹೇಗೆ ಹೇಳುತ್ತಿದ್ದೆನೋ.

ಇನ್ನು ಆ "ಗ್ಯಾಸು" ವಿಷಯ.

ಅಪ್ಪ ಹೋಗಿದ್ದು 2018ರ ಡಿಸೆಂಬರ್‌ನಲ್ಲಿ. ಹಿಂದಿನ ರಾತ್ರಿ ಹನ್ನೊಂದರ ಹೊತ್ತಿಗೆ ಎದೆ ತಿಕ್ಕಿಕೊಳ್ಳುತ್ತಾ ನನ್ನ ರೂಮಿನ ಬಾಗಿಲಿಗೆ ಬಂದರು. ಯಾಕೋ ಒಂಥರಾ ಆಗ್ತಿದೆ ಅಂದರು. ಸಂಜೆ ಮಿರ್ಚಿ ತಿಂದಿದ್ದರು. ನಾನು ಲೆಕ್ಕ ಬರೆಯುತ್ತಿದ್ದೆ, ತಲೆ ಎತ್ತಲಿಲ್ಲ. "ಗ್ಯಾಸ್ ಇರ್ಬೇಕು ಅಪ್ಪಾಜಿ, ಮಜ್ಜಿಗೆ ಕುಡಿದು ಮಲಗ್ರಿ" ಅಂದೆ. ಅವರು ಹೋಗಿ ಕುಡಿದರು. ಲೋಟ ತೊಳೆದು ಇಟ್ಟ ಸದ್ದು ಕೇಳಿಸಿತು. ಬೆಳಗ್ಗೆ ಐದಕ್ಕೆ ಅವ್ವ ಕೂಗಿದಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಗೊತ್ತಿಲ್ಲ. ಮೇಡಂ ರೂಮಿನಲ್ಲಿ ಏಳು ತಿಂಗಳು ಕೂತಿದ್ದರೂ ಹೇಳಿರಲಿಲ್ಲ. ಬೇವಿನ ಮರ ನೋಡಿಕೊಂಡು ಕೂತ ಆ ಕಾಲು ಗಂಟೆ ಇದರದೇ. 2020ರ ಸೆಪ್ಟೆಂಬರ್‌ನ ಒಂದು ಗುರುವಾರ ಗೋದಾಮಿನಲ್ಲಿ ಹೇಳಿದೆ. ಕಣ್ಣು ಮುಚ್ಚಿಕೊಂಡು, ಕೈ ಚೀಲದಲ್ಲಿ ಇಟ್ಟುಕೊಂಡು, ಮೊದಲಿಂದ ಕೊನೆವರೆಗೆ, ಲೋಟದ ಸದ್ದಿನ ತನಕ. ಆ ಕಡೆಯಿಂದ ಏನೂ ಬರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಕಣ್ಣು ಬಿಟ್ಟು ಫೋನು ನೋಡಿದರೆ ಕಾಲ್ ಯಾವಾಗಲೋ ಕಟ್ಟಾಗಿತ್ತು. ಸಿಗ್ನಲ್ ಕಡ್ಡಿ ಒಂದೂ ಇಲ್ಲ.

ಚೀಲಗಳಿಗೆ ಹೇಳಿದ್ದೆ.

ಸ್ಟೂಲು ಸ್ವಲ್ಪ ಈಚೆ ಸರಿಸಿದೆ, ಸಿಗ್ನಲ್ ಬಂತು, ಅವರ ಕಾಲ್ ಬಂತು. "ಎಲ್ಲಿಗೆ ನಿಂತಿತ್ತು? ಏನೋ ಹೇಳ್ತಿದ್ರಿ" ಅಂದರು. "ಏನಿಲ್ಲ ಮೇಡಂ" ಅಂದೆ. ನಿಜ ಹೇಳಬೇಕಂದರೆ ಸಿಟ್ಟು ಬರಲಿಲ್ಲ, ನಿರಾಳ ಆಯಿತು. ಹೇಳಿದ ಹಾಗೂ ಆಯಿತು, ಯಾರೂ ಕೇಳದ ಹಾಗೂ ಆಯಿತು. ಮುಂದಿನ ಗುರುವಾರ ಮತ್ತೆ ಹೇಳಿದೆ. ಎರಡನೇ ಸಲ ಬಾಯಿಗೆ ಪದಗಳು ಗೊತ್ತಿದ್ದವು. ಈ ಸಲ ಕಣ್ಣು ಮುಚ್ಚಲಿಲ್ಲ, ಫೋನಿನ ಮೇಲೆ ಓಡುವ ಸೆಕೆಂಡುಗಳನ್ನು ನೋಡುತ್ತಲೇ ಹೇಳಿದೆ. ಮುಗಿದ ಮೇಲೆ ಫ್ಯಾನಿನ ಸದ್ದು ಮಾತ್ರ ಇತ್ತು. ಆಮೇಲೆ ಮೇಡಂ ಕೇಳಿದ್ದು ಒಂದೇ: "ನಿಮ್ಮ ಅಪ್ಪಾಜಿಗೆ ಮಿರ್ಚಿ ಅಂದ್ರೆ ಅಷ್ಟು ಇಷ್ಟಾನಾ?" ಅಲ್ಲಿಂದ ನಾವು ಮುಕ್ಕಾಲು ಗಂಟೆ ಅಪ್ಪನ ಬಗ್ಗೆ ಮಾತಾಡಿದೆವು. ಸತ್ತ ಅಪ್ಪನ ಬಗ್ಗೆ ಅಲ್ಲ. ಮಿರ್ಚಿ ತಿನ್ನುವ, ಉದ್ರಿ ಕೊಟ್ಟು ಮರೆಯುವ, ಗೇಟು ಹಾಕಿದರೆ ಬೀಡಿ ಹಚ್ಚುವ ಅಪ್ಪನ ಬಗ್ಗೆ.

ಎದುರಿಗೆ ಕೂತಿದ್ದರೆ ಇದನ್ನು ಹೇಳುತ್ತಿದ್ದೆನಾ? ಗೊತ್ತಿಲ್ಲ. ವಿಡಿಯೊದಲ್ಲಿ ಮಾಡುವ ಥೆರಪಿ ಎದುರು ಕೂತು ಮಾಡುವುದಕ್ಕಿಂತ ಹೆಚ್ಚೇನೂ ಕಮ್ಮಿ ಇಲ್ಲ ಅಂತ ಖಿನ್ನತೆ, ಆತಂಕದ ವಿಷಯದಲ್ಲಿ ಹಲವು ಅಧ್ಯಯನಗಳು ಬಂದಿವೆ. ಇರಬಹುದು. ನನಗೆ ಮಾತ್ರ ರೂಮು ಬೇಕೇ ಬೇಕಿತ್ತು. ಫೋನಿನಲ್ಲಿ ಎಷ್ಟು ಒಳ್ಳೇ ದಿನ ಇದ್ದರೂ, ಕೊನೆಗೆ "ಮೇಡಂ, ರೂಮು ಯಾವಾಗ?" ಅಂತ ಕೇಳುತ್ತಿದ್ದೆ.

ಆ ದಿನಾಂಕದ ಕಥೆಯೇ ಒಂದು ಪುರಾಣ. ಲಸಿಕೆ ಆಗದೆ ತೆರೆಯಲ್ಲ ಅಂದಿದ್ದರು. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಮೇಡಂ ಮಾರ್ಚ್‌ನಲ್ಲೇ ಮೊದಲ ಡೋಸ್ ಹಾಕಿಸಿಕೊಂಡರು. ಮೇ ತಿಂಗಳಲ್ಲಿ ತೆರೆಯೋಣ ಅಂದರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಬಂದ್. ಬೆಳಗ್ಗೆ ಆರರಿಂದ ಹತ್ತು ಮಾತ್ರ ಅಂಗಡಿ. ಮೇ 13ಕ್ಕೆ ಕೋವಿಶೀಲ್ಡ್ ಎರಡನೇ ಡೋಸಿನ ಅಂತರ 12ರಿಂದ 16 ವಾರ ಅಂತ ಬದಲಾಯಿತು. ಅಂದರೆ ಜೂನ್ ತನಕ ಇಲ್ಲ. ಜೂನ್ 14ಕ್ಕೆ ರಾಜ್ಯದ ಸುಮಾರು ಕಡೆ ಸಡಿಲ ಮಾಡಿದರು, ಪಕ್ಕದ ಚಿತ್ರದುರ್ಗವೂ ತೆರೆಯಿತು. ಸೋಂಕು ಇಳಿಯದ ಹನ್ನೊಂದು ಜಿಲ್ಲೆಗಳಿಗೆ ಮಾತ್ರ ಇನ್ನೊಂದು ವಾರ. ಅದರಲ್ಲಿ ದಾವಣಗೆರೆ. ಅರವತ್ತು ಕಿಲೋಮೀಟರ್ ಆಚೆ ಅಂಗಡಿ ತೆರೆದಿದೆ, ನಮ್ಮದು ಮುಚ್ಚಿದೆ. ಅವತ್ತು ಇದೇ ಗೆಳೆಯ ಫೋನ್ ಮಾಡಿ ಆಡಿಕೊಂಡಿದ್ದ. ಈಗ ಅವನಿಗೆ ನಾನು ಬುದ್ಧಿ ಹೇಳುತ್ತಿದ್ದೇನೆ, ಇರಲಿ.

ಆ ಕಾಯುವ ದಿನಗಳಲ್ಲಿ ಓದಿದ ಒಂದು ಸಂಗತಿ ಈಗಲೂ ತಲೆಯಲ್ಲಿದೆ. 1953ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಅನ್ನುವ ಪಾದ್ರಿ, ಸಾಯಬೇಕು ಅನ್ನಿಸಿದವರು ಮೊದಲು ನನಗೆ ಫೋನ್ ಮಾಡಿ ಅಂತ ಒಂದು ಸೇವೆ ಶುರು ಮಾಡಿದರು. ಅದೇ ಆಮೇಲೆ ಸಮಾರಿಟನ್ಸ್ ಆಯಿತು. ಜನ ಫೋನ್ ಮಾಡಿದ್ದಷ್ಟೇ ಅಲ್ಲ, ಹುಡುಕಿಕೊಂಡೂ ಬಂದರು. ಸರದಿ ಕಾಯುವವರಿಗೆ ಕಾಫಿ ಟೀ ಕೊಟ್ಟು ಜೊತೆಗೆ ಕೂರಲು ಒಂದಷ್ಟು ಸ್ವಯಂಸೇವಕರು ಸೇರಿಕೊಂಡರು. ಸ್ವಲ್ಪ ದಿನಕ್ಕೆ ವಾರಾಗೆ ಗೊತ್ತಾಗಿದ್ದು ಏನು ಅಂದರೆ, ಎಷ್ಟೋ ಜನ ಆ ಕಾಯುವ ಬೆಂಚಿನ ಮೇಲೇ ಹಗುರಾಗಿ, ಅವರನ್ನು ನೋಡದೆ ಹಾಗೇ ಮನೆಗೆ ಹೋಗುತ್ತಿದ್ದರು. ಮಾರನೇ ವರ್ಷ ಆ ಕೆಲಸವನ್ನು ಅವರು ಸ್ವಯಂಸೇವಕರಿಗೇ ಬಿಟ್ಟುಕೊಟ್ಟರು. ನನ್ನ ಬೆಂಚು ಪ್ಲಾಸ್ಟಿಕ್ ಸ್ಟೂಲು, ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ ಈಗ ಅಂಥ ಫೋನು ಇದೆ. 2022ರ ಅಕ್ಟೋಬರ್ 10ಕ್ಕೆ ಶುರುವಾದ ಟೆಲಿ-ಮಾನಸ್, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ಸೆಷನ್ ನಡುವೆ ಮಧ್ಯರಾತ್ರಿ ಕೆಟ್ಟ ಯೋಚನೆ ಬಂದರೆ ಮುಂದಿನ ಗುರುವಾರದ ತನಕ ಕಾಯಬಾರದು. ನಾನು ಕಾಯುತ್ತಿದ್ದೆ, ಅದು ಹುಚ್ಚುತನ. ಸೆಷನ್ನಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಅಲ್ಲಿ ಚೀಟಿ ಮಾಡಿಸಲು ನಾಚಿಕೆಪಡುವ ಕಾಲ ಇನ್ನೂ ಪೂರ್ತಿ ಹೋಗಿಲ್ಲ, ಗೊತ್ತು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೋಗಿ, ಯಾರೂ ಏನೂ ಕೇಳಲ್ಲ. ಕೊರೋನಾದಿಂದ ಆದ ಒಂದೇ ಉಪಕಾರ.

ಇನ್ನೊಂದು ಮಾತು, ಗೆಳೆಯನಿಗೇ. ರೂಮಿಗೆ ಹೋಗುವಾಗ ದಾರಿ ಇರುತ್ತೆ. ನನಗೆ ಗೇಟು ಇತ್ತು. ಹೋಗುವಾಗ ಅಲ್ಲಿ ನಿಂತು ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ, ಬರುವಾಗ ಅಲ್ಲೇ ಕಣ್ಣು ಒರೆಸಿಕೊಂಡು ಮನೆಗೆ ತಕ್ಕ ಮುಖ ಮಾಡಿಕೊಳ್ಳುತ್ತಿದ್ದೆ. ಫೋನಿನಲ್ಲಿ ಕೆಂಪು ಬಟನ್ ಒತ್ತಿದ ಮರುಕ್ಷಣ "ರೀ, ಸಿಲಿಂಡರ್ ಖಾಲಿ ಆಗಿದೆ". ಅದಕ್ಕೇ ನೆನಪು ಉಳಿಯಲ್ಲ. ನಾನು ಮುಗಿದ ಮೇಲೆ ಕಾಲು ಗಂಟೆ ಗೋದಾಮು ಗುಡಿಸುತ್ತಿದ್ದೆ. ಗುಡಿಸಿದ ಮಂಡಕ್ಕಿ ಹೊರಗೆ ಹಾಕಿದರೆ ಗುಬ್ಬಿ ಬರುತ್ತಿದ್ದವು. ಅವು ತಿಂದು ಮುಗಿಸಿದ ಮೇಲೆ ಮನೆಗೆ. ನೀನು ಕೋಟೆ ಊರಿನವನು, ನಡೆಯಲು ಜಾಗ ಇಲ್ಲ ಅನ್ನಬೇಡ.

ರೂಮು ತೆರೆದಿದ್ದು 2021ರ ಜುಲೈನಲ್ಲಿ. ಹದಿನಾರು ತಿಂಗಳ ಮೇಲೆ. ಬಟ್ಟೆ ಇಸ್ತ್ರಿ ಮಾಡಿಸಿಕೊಂಡು, ಮೇಡಂಗೆ ಅಂತ ಒಂದು ಪ್ಯಾಕೆಟ್ ಮಂಡಕ್ಕಿ ಹಿಡಿದುಕೊಂಡು ಹೋದೆ. ಕುರ್ಚಿಗಳು ದೂರ ಸರಿದಿದ್ದವು. ಕಿಟಕಿ ಪೂರಾ ತೆರೆದಿತ್ತು, ಫ್ಯಾನು ಜೋರು. ಇಬ್ಬರಿಗೂ ಮಾಸ್ಕ್. ಮುಖ ನೋಡಬೇಕು ಅಂತ ಅಷ್ಟು ದಿನ ಕಾದಿದ್ದೆ, ಕಂಡಿದ್ದು ಕಣ್ಣು ಮಾತ್ರ. ಮಾಸ್ಕಿನ ಒಳಗಿನ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ, ಎರಡೆರಡು ಸಲ ಹೇಳಿಸಿಕೊಂಡೆ. ಫೋನೇ ವಾಸಿ ಇತ್ತಲ್ಲ ಅಂತ ಒಂದು ಕ್ಷಣ ಅನ್ನಿಸಿಬಿಟ್ಟಿತು. ಬೇವಿನ ಮರ ಮಾತ್ರ ಎರಡು ಅಡಿ ಬೆಳೆದಿತ್ತು.

ಹತ್ತು ನಿಮಿಷ ಅದೂ ಇದೂ ಮಾತಾಡಿದ ಮೇಲೆ ಮಾತು ನಿಂತಿತು. ಯಾರೂ ಹಲೋ ಅನ್ನಲಿಲ್ಲ. ನನ್ನ ಬಲಗೈ ತಾನಾಗೇ ಪಕ್ಕಕ್ಕೆ ಹೋಗಿ ಗಾಳಿಯಲ್ಲಿ ಏನೋ ಹುಡುಕಿ ವಾಪಸ್ ಬಂತು. ಫ್ಯಾನಿನ ಗಾಳಿಗೆ ಟೀಪಾಯಿ ಮೇಲಿನ ಪ್ಯಾಕೆಟ್ಟಿನ ಕವರು ಸರಸರ ಅಂದಿತು.

"ಲೈನಲ್ಲಿದ್ದೀರಿ ಅಂತಾಯ್ತು" ಅಂದರು ಮೇಡಂ.

ವಾಪಸ್ ಬರುವಾಗ ಅಶೋಕ ರಸ್ತೆಯ ಗೇಟು ಹಾಕಿತ್ತು. ಸ್ಕೂಟರ್ ಆಫ್ ಮಾಡಿ ನಿಂತೆ. ಹುಬ್ಬಳ್ಳಿ ಕಡೆಯ ರೈಲು ಇರಬೇಕು, ಎಷ್ಟು ಹೊತ್ತಾದರೂ ಬರಲಿಲ್ಲ. ಹಿಂದಿನ ಆಟೋದವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ.